ಲಿಂಗ ಹಿಡಿಯುವ ಕೈ

ನಮ್ಮ ಯಜಮಾನರಿಗೆ ಪಾರ್ಶ್ವವಾಯು ಹೊಡೆದದ್ದು ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ. ಚೀಲದ ಮೇಲೆ ಕೂತವರು ಕೂತ ಹಾಗೇ ಎಡಕ್ಕೆ ವಾಲಿ ಬಿದ್ದರಂತೆ. ಹಾಸನದ ಆಸ್ಪತ್ರೆಗೆ ಒಯ್ದೆವು. ತಲೆ ಸ್ಕ್ಯಾನ್ ಮಾಡಿದರು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, ಕಪ್ಪಗಿದ್ದ ಒಂದು ಜಾಗ ತೋರಿಸಿ, "ಮೆದುಳಿನ ಬಲಭಾಗಕ್ಕೆ ರಕ್ತ ಹೋಗೋ ದಾರಿ ಕಟ್ಟಿಕೊಂಡಿದೆ ಅಮ್ಮಾ. ಇಷ್ಟು ಜಾಗ ಸತ್ತಿದೆ" ಎಂದರು.

"ಸೋತಿರೋದು ಎಡಗೈ, ಎಡಗಾಲು. ನೀವು ಬಲಭಾಗ ಅಂತೀರಿ. ಬೆರಳು ನೋಡಿದ್ರೆ ಎಡಗಡೆ ಇಟ್ಟಿದೀರಿ. ಪಟ ತಿರುವಿ ಹಿಡ್ಕಂಡಿದೀರೇನೋ ನೋಡ್ರಿ" ಎಂದೆ.

ಡಾಕ್ಟರು ನಕ್ಕರು. ಎದುರಿಗೆ ನಿಂತವರನ್ನು ನೋಡುವ ಹಾಗೆ ಆ ಪಟ ನೋಡಬೇಕಂತೆ. ಅವರ ಬಲ ನಮ್ಮ ಎಡಕ್ಕೆ ಬರುತ್ತದೆ. ಮೆದುಳಿನ ಬಲಭಾಗ ಮೈಯ ಎಡಭಾಗವನ್ನು ನೋಡಿಕೊಳ್ಳುತ್ತದಂತೆ. "ಕೈಕಾಲು ಸೋತಿರೋದು ಒಂದು. ಅದರ ಜೊತೆಗೆ, ತಮಗೆ ಎಡಗಡೆ ಅನ್ನೋದೊಂದು ಇದೆ ಅನ್ನೋ ಅರಿವೇ ಇಲ್ಲದೆ ಹೋಗಬಹುದು. ಮನೆಗೆ ಹೋದ ಮೇಲೆ ನಿಮಗೇ ಗೊತ್ತಾಗುತ್ತೆ" ಎಂದರು.

ಮನೆಗೆ ಬಂದ ಮೊದಲ ಬೆಳಿಗ್ಗೆಯೇ ಗೊತ್ತಾಯಿತು. ನಾವು ಲಿಂಗ ಕಟ್ಟಿದವರು. ಎಡ ಅಂಗೈಯಲ್ಲಿ ಲಿಂಗ ಇಟ್ಟು ಪೂಜೆ ಮಾಡದೆ ಯಜಮಾನರು ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಮಂಪರಿನಲ್ಲಿದ್ದವರಿಗೆ ಅದರ ಯೋಚನೆ ಇರಲಿಲ್ಲ. ಮನೆಯಲ್ಲಿ ಸ್ನಾನ ಮಾಡಿಸಿ ಕೂರಿಸಿದೆ. ಕೊರಳಿನ ಬೆಳ್ಳಿ ಕರಡಿಗೆ ಬಿಚ್ಚಿ, ಒಳಗಿನ ಲಿಂಗ ತೆಗೆದು ಅವರ ಎಡ ಅಂಗೈಯಲ್ಲಿಟ್ಟೆ. ಅವರು ಅತ್ತ ತಿರುಗಲೇ ಇಲ್ಲ.

"ಎಲ್ಲೇ ಲಿಂಗ?"

"ನಿಮ್ಮ ಎಡಗೈನಾಗೆ ಐತೆ ನೋಡ್ರಿ."

ಆ ಕೈಯನ್ನು ನಾನೇ ಎತ್ತಿ ಅವರ ಮುಖದ ಮುಂದೆ ಹಿಡಿದೆ. ಹುಬ್ಬು ಗಂಟಿಕ್ಕಿಕೊಂಡು ನೋಡಿದರು.

"ಇದು ನಿನ್ನ ಕೈ. ನಿನ್ನ ಕೈ ಮೇಲೆ ನನ್ನ ಲಿಂಗ ಯಾಕಿಟ್ಟೆ?"

"ನನ್ನ ಕೈಯಾದ್ರೆ ಬಳೆ ಎಲ್ಲಿ?"

"ತೆಗೆದಿಟ್ಟಿರ್ತೀಯ."

"ನೀವು ಬದುಕಿರೋವಾಗ ಯಾಕೆ ತೆಗೀಲಿ?"

ಪೂಜೆಯಾಗಲಿಲ್ಲ, ಊಟವೂ ಆಗಲಿಲ್ಲ. ಮಠದ ಅಯ್ಯನವರು ಬಂದು, ಕಾಯಿಲೆಯವರು ಮನಸ್ಸಿನಲ್ಲಿ ನೆನೆದರೆ ಸಾಕು ಎಂದು ಹೇಳಿ ನೋಡಿದರು. "ಕೈ ನೆಟ್ಟಗಿರೋವಾಗ ಮನಸ್ಸಿನಲ್ಲಿ ಯಾಕೆ ಮಾಡ್ಲಿ ಬುದ್ಧಿ?" ಎಂದರು ಇವರು. ಅವರ ಪ್ರಕಾರ ಅವರ ಕೈ ನೆಟ್ಟಗೇ ಇತ್ತು, ಪಕ್ಕದಲ್ಲಿ ಬಿದ್ದಿದ್ದದ್ದು ಬೇರೆಯವರದು. ಗದರಿಸಿ ಹಾಲು, ಗಂಜಿ ಕುಡಿಸುತ್ತಿದ್ದೆ. ಅರ್ಧ ಒಳಗೆ ಹೋಗುತ್ತಿತ್ತು, ಅರ್ಧ ಉಗುಳುತ್ತಿದ್ದರು. ಮೈ ಇಳಿದು ಪಕ್ಕೆ ಎಲುಬು ಕಂಡವು. ಕಾಯಿಲೆಯಿಂದ ಉಳಿದವರು ಉಪವಾಸದಿಂದ ಹೋಗುತ್ತಾರೆ ಎಂದೇ ನನಗೆ ಅನ್ನಿಸಿತ್ತು.

ಸುದ್ದಿ ತಿಳಿದು ಮಾದಿಹಳ್ಳಿಯಿಂದ ಅವರ ಅಕ್ಕ ಬಂದರು.

"ಗಾಳಿ ಸೋಕೈತೆ ಕಣೇ. ತನ್ನ ಕೈನೇ ತಂದಲ್ಲ ಅಂತಾನೆ ಅಂದ್ರೆ ಇನ್ನೇನು?"

"ಗಾಳಿಯಲ್ಲ ಅತ್ತಿಗೆ. ಮೆದುಳಲ್ಲಿ ಸತ್ತಿರೋ ಜಾಗ ಫಿಲ್ಮಿನಾಗೆ ನೋಡ್ಕಂಡು ಬಂದಿದೀನಿ."

"ಫೋಟೋದಾಗೆ ಗಾಳಿ ಕಾಣ್ತದೇನೇ?"

ಅವರು ತಂದ ತಾಯಿತ ಕಟ್ಟಲು ನಾನು ಬಿಡಲಿಲ್ಲ. ಮುಖ ಊದಿಸಿಕೊಂಡು ಬಸ್ಸು ಹತ್ತಿದರು.

ಬೇಲೂರು ಕಡೆಯ ಹುಡುಗಿಯೊಬ್ಬಳು ಅರಸೀಕೆರೆಯ ನರ್ಸಿಂಗ್ ಹೋಮಿನಲ್ಲಿ ಫಿಜಿಯೋಥೆರಪಿ ಮಾಡಿಸುತ್ತಿದ್ದಳು. ಕೈಕಾಲು ಮಡಿಸಿ ಬಿಡಿಸಲು ನಮ್ಮ ಮನೆಗೂ ಬರತೊಡಗಿದಳು. ಅವಳು ಫಿಲ್ಮ್ ನೋಡಿ, "ಕೈ ನಿಮ್ದೇ ಅಂತ ಜಗಳ ಆಡಬೇಡಿ ಅಮ್ಮಾ. ಸತ್ತಿರೋ ಜಾಗಕ್ಕೆ ಜಗಳ ಕೇಳಿಸಲ್ಲ. ಆ ಕಡೆಗೆ ಅವರೇ ತಿರುಗಬೇಕು. ದಿನಾ ಎಡಗೈ ಮುಟ್ಕೊಳ್ಳೋ ಅಭ್ಯಾಸ ಏನಾದ್ರೂ ಇತ್ತಾ?" ಎಂದು ಕೇಳಿದಳು.

"ಇತ್ತಲ್ಲ, ಪೂಜೆ. ಅದೇ ನಿಂತೋಗೈತೆ."

"ಪೂಜೆಗೆ ಮುಂಚೆ ಏನು ಮಾಡ್ತಿದ್ರು?"

"ವಿಭೂತಿ ಬಳ್ಕೊತಿದ್ರು. ಹಣೆಗೆ, ಎದೆಗೆ, ತೋಳಿಗೆ, ಮುಂಗೈಗೆ."

"ಎಡಭುಜ ಅವರದು ಅಂತ ಒಪ್ತಾರಾ?"

ಕೇಳಿದೆವು. "ಭುಜ ನಂದಲ್ದೆ ನಿಮ್ಮಪ್ಪಂದಾ?" ಎಂದರು. ಹುಡುಗಿ ಬೇಜಾರು ಮಾಡಿಕೊಳ್ಳಲಿಲ್ಲ. "ಹಂಗಾದ್ರೆ ಭುಜದಿಂದ ಶುರು ಮಾಡೋಣ" ಎಂದಳು.

ಅಂದಿನಿಂದ ಬೆಳಿಗ್ಗೆ ಎಡಗಡೆಗೆ ಕೂತು, ಅವರ ಬಲಗೈ ಬೆರಳಿಗೆ ನೆನೆಸಿದ ವಿಭೂತಿ ಹಚ್ಚಿ ಬಿಡುತ್ತಿದ್ದೆ. ಭುಜದ ಮೇಲೆ ಮೂರು ಬೆರಳೆಳೆದು ತೋಳಿಗೆ ಇಳಿಯುತ್ತಿದ್ದರು. ಮೊಣಕೈ ಬಂತೆಂದರೆ ಊರ ಗಡಿ ಬಂದ ಹಾಗೆ ಕೈ ನಿಲ್ಲುತ್ತಿತ್ತು.

"ಮುಂದಕ್ಕೆ ಹೋಗಿ."

"ಮುಂದೆ ಏನೈತೆ?"

"ಹೋಗಿ ನೋಡ್ರಿ."

ಬೈದರು. ವಿಭೂತಿ ಬಟ್ಟಲು ತಳ್ಳಿದರು. ನಾನೂ ಬೈದೆ. ಮೊಣಕೈ ದಾಟುವ ಹೊತ್ತಿಗೆ ಬೇಸಿಗೆ ಮುಗಿದಿತ್ತು. ಒಂದು ದಿನ ಮುಂಗೈಗೆ ವಿಭೂತಿ ಎಳೆದು, ಅಂಗೈ ತಿರುಗಿಸಿ ಬಹಳ ಹೊತ್ತು ನೋಡಿದರು. "ಈ ಉಗುರು ಯಾಕೆ ಇಷ್ಟು ಬೆಳೆದವೆ?" ಎಂದರು. ಉಗುರು ತೆಗೆದೆ. ಆ ಅಂಗೈಯಲ್ಲಿ ಲಿಂಗ ಇಟ್ಟು, ಬೀಳದ ಹಾಗೆ ನನ್ನ ಕೈಯನ್ನು ಕೆಳಗೆ ಕೊಟ್ಟೆ. ಪೂಜೆ ಮಾಡಿದರು. ಆಮೇಲೆ ಮುದ್ದೆ ಉಂಡರು. ತಟ್ಟೆಯ ಎಡಗಡೆ ಇದ್ದ ಪಲ್ಯ ಹಾಗೇ ಬಿಟ್ಟಿದ್ದರು. ಅದು ಇರಲಿ ಎಂದುಕೊಂಡೆ.

ಮರುವರ್ಷ ಹಾಸನದ ಡಾಕ್ಟರು ನಮ್ಮನ್ನು ಬೆಂಗಳೂರಿಗೆ ಕಳಿಸಿದರು. ಲಕ್ವ ಹೊಡೆದವರ ಮೆದುಳು ಮತ್ತೆ ಹೇಗೆ ಕೆಲಸ ಕಲಿಯುತ್ತದೆ ಎಂದು ಪಟ ತೆಗೆದು ನೋಡುವ ಡಾಕ್ಟರೊಬ್ಬರು ಅಲ್ಲಿದ್ದರು. ಇದು ಔಷಧಿಯಲ್ಲ, ಇದರಿಂದ ಗುಣವಾಗುವುದಿಲ್ಲ, ತಿಳಿದುಕೊಳ್ಳುವುದಕ್ಕೆ ಮಾತ್ರ ಎಂದು ಆಕೆ ಮೊದಲೇ ಹೇಳಿದರು. ದೊಡ್ಡ ಕೊಳವೆಯಂಥ ಆ ಯಂತ್ರದ ಹತ್ತಿರ ಲೋಹ ಏನೂ ಹೋಗಬಾರದು, ಕರಡಿಗೆ ಬಿಚ್ಚಬೇಕು ಎಂದರು. ಯಜಮಾನರು ವಾಪಸು ಹೊರಡಲು ಎದ್ದರು. "ಕೂತ್ಕಳ್ರಿ, ನೀವು ಬರೋಗಂಟ ನಾನು ಎದೆಗೆ ಹಿಡ್ಕಂಡಿರ್ತೀನಿ" ಎಂದ ಮೇಲೆ ಕೊಟ್ಟರು. ಒಳಗೆ ಮಲಗಿ, ಹೇಳಿದಾಗ ಎಡಗೈ ಬೆರಳು ಮಡಿಸಿ ಬಿಡಿಸಬೇಕಿತ್ತು. ಅಷ್ಟು ಮಾಡಿದರಂತೆ.

ಮಧ್ಯಾಹ್ನ ಡಾಕ್ಟರು ಪಟ ತೋರಿಸಿದರು. ಸತ್ತ ಜಾಗ ಸತ್ತೇ ಇತ್ತು. ಅದರ ಅಂಚಿಗೆ, ಮತ್ತೆ ಮೆದುಳಿನ ಆಚೆ ಬದಿಗೂ ಒಂದಿಷ್ಟು ಕೆಂಪು ಬಣ್ಣವಿತ್ತು. ಬೆರಳು ಆಡಿಸುವಾಗ ಕೆಲಸ ಮಾಡಿದ ಜಾಗ ಅದು ಎಂದರು.

"ವಿಭೂತಿ ಬಳಿದಿದ್ದಕ್ಕೆ ಹಿಂಗಾಯ್ತೇನ್ರಿ?" ಎಂದು ಕೇಳಿದೆ.

"ಒಬ್ಬರ ಪಟ ನೋಡಿ ಹೇಳೋಕ್ಕಾಗಲ್ಲ ಅಮ್ಮಾ. ತಾನಾಗೇ ಅಷ್ಟು ಸುಧಾರಿಸಿದ್ದರೂ ಸುಧಾರಿಸಿರಬಹುದು. ಅದಕ್ಕೇ ತುಂಬ ಜನರದು ನೋಡ್ತಿದೀವಿ."

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ ಆಕೆ ನನಗೆ ಹಿಡಿಸಿದರು.

ಯಜಮಾನರಿಗೆ ಆ ಮಾತೆಲ್ಲ ಬೇಕಿರಲಿಲ್ಲ. ಬೆಳಗಿನಿಂದ ಪೂಜೆಯಿಲ್ಲ, ಹೊಟ್ಟೆ ಹಸಿದಿತ್ತು. ಆಸ್ಪತ್ರೆಯ ಬೆಂಚಿನ ಮೇಲೆಯೇ ಕೂತು, ಓಡಾಡುವವರ ಮುಂದೆ ಅಂಗಿ ಬಿಚ್ಚಿಸಿಕೊಂಡು ಭುಜದಿಂದ ವಿಭೂತಿ ಎಳೆಯುತ್ತ ಬಂದರು. ಎಡ ಅಂಗೈ ಚಾಚಿದರು. ಲಿಂಗ ಇಟ್ಟೆ. ಬೆರಳು ಪೂರ್ತಿ ಮಡಿಸಲು ಬರಲಿಲ್ಲ. ನಾನು ಎಂದಿನಂತೆ ಕೆಳಗೆ ಕೈ ಕೊಡಲು ಹೋದೆ.

"ಬ್ಯಾಡ. ಬಿದ್ರೆ ನಾನ್ ನೋಡ್ಕತೀನಿ" ಎಂದರು.

ಕೈ ತೆಗೆದುಕೊಂಡು, ಊಟದ ಡಬ್ಬಿ ಬಿಚ್ಚಿದೆ.