ತೊಟ್ಟಿಯ ತಳದಲ್ಲಿ ಭೀಮಣ್ಣನ ಹೆಸರು

ಭೀಮಣ್ಣನನ್ನು ನಾನು ಮೊದಲು ಕಂಡದ್ದು ನಮ್ಮ ವಸತಿ ಸೊಸೈಟಿಯ ಅಂಗಳದಲ್ಲಿ, ಒಂದು ಕಬ್ಬಿಣದ ಬೆಂಚಿನ ಕೆಳಗೆ. ಬೆಂಚು ಕೂಡಿಸಿ ಮುಗಿದು ಅರ್ಧ ಗಂಟೆಯಾಗಿದ್ದರೂ ಆಸಾಮಿ ಅಂಗಾತ ಮಲಗಿಯೇ ಇದ್ದ. ಬಗ್ಗಿ ನೋಡಿದೆ. ವೆಲ್ಡಿಂಗ್ ಕಡ್ಡಿಯಿಂದ ಬೆಂಚಿನ ಅಡಿಗೆ ‘ಭೀಮಣ್ಣ, ಖಡಕಿ’ ಎಂದು ದುಂಡಗೆ ಬರೆಯುತ್ತಿದ್ದ.

ಮೂವತ್ತು ವರ್ಷ ಕಾಪಿ ತಿದ್ದಿದ ಕಣ್ಣಿಗೆ ಆ ಅಕ್ಷರ ಹಿಡಿಸಿತು. “ಕಾಣುವ ಕಡೆ ಬರೆಯಬಾರದೇನಪ್ಪ?” ಎಂದೆ.

“ಕಾಣೋ ಕಡೆ ಬರದ್ರ ಡೌಲ ಆಗ್ತದ್ರಿ ಮಾಸ್ತರ. ಅಡಿಯಾಗ ಬರದ್ರ ಜವಾಬ್ದಾರಿ. ನಾಳೆ ಬೆಂಚು ಮುರದು ನೀವು ಬಿದ್ರಿ ಅಂದ್ರ, ಯಾರಿಗೆ ಬೈಬೇಕು ಅಂತ ಬಿದ್ದಲ್ಲಿಂದನ ಓದಾಕ ಬರ್ತದ.”

ವಿಜಯಪುರದ ಕಡೆಯಿಂದ ಹದಿನೆಂಟರ ವಯಸ್ಸಿನಲ್ಲಿ ಈ ಮರಾಠಿ ಊರಿಗೆ ಬಂದು ಖಡಕಿ ಬಡಾವಣೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡವನು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಬೆರಳು ಸುಟ್ಟಾಗ ಎರಡೂ.

ಮರುವರ್ಷ ಗಣಪತಿಯನ್ನು ನದಿಗೆ ಒಯ್ಯದೆ ಅಂಗಳದಲ್ಲೇ ವಿಸರ್ಜಿಸುವುದೆಂದು ಸೊಸೈಟಿ ಗೊತ್ತುಮಾಡಿತು. ಕಾರ್ಯದರ್ಶಿ ಇಂದೂತಾಯಿ ಹೇಳಿದ ಅಳತೆಗೆ ಭೀಮಣ್ಣ ಕಬ್ಬಿಣದ ತೊಟ್ಟಿ ಮಾಡಿಕೊಟ್ಟ. ತಳದ ಹೊರಮೈಗೆ ತನ್ನ ಹೆಸರನ್ನೂ ಬರೆದ.

ಎರಡು ಹಬ್ಬ ಸುಖವಾಗಿ ಕಳೆದವು. ನಮ್ಮ ತೊಟ್ಟಿಯನ್ನು ನೋಡಿ ಮುಂದಿನ ಹಬ್ಬಕ್ಕೆಂದು ಇನ್ನೂ ಐದು ಸೊಸೈಟಿಯವರು ಅವನಿಗೆ ಕೆಲಸ ಒಪ್ಪಿಸಿದರು. ಮೂರನೆಯ ಹಬ್ಬಕ್ಕೆ ಹತ್ತು ದಿನವಿರುವಾಗ ಪರೀಕ್ಷೆಗೆಂದು ತುಂಬಿಸಿದ ನೀರು ಬೆಳಗಾಗುವುದರಲ್ಲಿ ಅಂಗಳದಲ್ಲಿತ್ತು. ತೊಟ್ಟಿಯನ್ನು ಓರೆ ಮಾಡಿದೆವು. ‘ಭೀ’ ಮತ್ತು ‘ಮ’ ಅಕ್ಷರಗಳ ನಡುವೆ ಕಡಲೆಕಾಳಿನಷ್ಟು ತೂತು.

“ನಿಮ್ಮ ಹೆಸರೇ ಸೋರುತ್ತಿದೆಯಲ್ಲ, ಭೀಮಣ್ಣಾ” ಎಂದರು ಇಂದೂತಾಯಿ ಮರಾಠಿಯಲ್ಲಿ. “ಗುಜರಿ ತಗಡು ಹಾಕಿದಿರೋ?”

“ತಗಡು ಹೊಸಾದು, ತಾಯಿ. ದೇವರಾಣಿ” ಎಂದ ಅವನೂ ಮರಾಠಿಯಲ್ಲೇ. ಅಷ್ಟರಲ್ಲಿ ಸುದ್ದಿ ಹಬ್ಬಿ, ಐದರಲ್ಲಿ ಮೂರು ಸೊಸೈಟಿಯವರು ಕೆಲಸ ಬೇಡವೆಂದು ಫೋನು ಮಾಡಿದ್ದರು. ಭೀಮಣ್ಣ ತಾನೇ ಮಾಡಿದ ಬೆಂಚಿನ ಮೇಲೆ ಕುಳಿತುಬಿಟ್ಟ. ಅವನಿಗಿದ್ದ ಆಸ್ತಿ ಆ ಹೆಸರೊಂದೇ.

ನಮ್ಮ ಮೇಲಿನ ಮನೆಯ ರಂಜಿನಿ, ಮೈಸೂರಿನ ಹುಡುಗಿ, ಚಾಕಣದ ಕಾರ್ಖಾನೆಯೊಂದರಲ್ಲಿ ಲೋಹ ಪರೀಕ್ಷಿಸುವವಳು. ಸಂಜೆ ಕಂಪನಿ ಬಸ್ಸಿನಿಂದಿಳಿದವಳು ಮೂಗು ಮುಚ್ಚಿಕೊಂಡೇ ತೊಟ್ಟಿಯೊಳಗೆ ಇಣುಕಿದಳು. ಮೂಲೆಯ ಕಪ್ಪು ಕೆಸರನ್ನು ಕೆರೆದು ಒರೆಸಿದರೆ ಕೆಳಗೆ ಸಣ್ಣ ಸಣ್ಣ ಗುಂಡಿಗಳು, ಒಳಗೆ ಕಬ್ಬಿಣ ಫಳಫಳ.

“ಅಂಕಲ್, ಇದು ಮಾಮೂಲಿ ತುಕ್ಕಲ್ಲ. ಗೋಡೆ ನೋಡಿ, ನೀರು ಅಲ್ಲೂ ನಿಂತಿತ್ತು, ಏನೂ ಆಗಿಲ್ಲ. ಕೆಸರು ಕೂತಿದ್ದ ಕಡೆ ಮಾತ್ರ ಗುಂಡಿ. ಒಂದು ನಿಂಬೆಹಣ್ಣು ಕೊಡ್ತೀರಾ?”

“ದೃಷ್ಟಿ ತಗೀತೀಯೇನವ್ವಾ?” ಎಂದ ಭೀಮಣ್ಣ. “ತಗಿ. ಅದೂ ಒಂದು ಆಗಿ ಹೋಗ್ಲಿ.”

ಅವಳು ಕಪ್ಪು ಕೆಸರಿನ ಮೇಲೆ ನಿಂಬೆರಸ ಹಿಂಡಿದಳು. ಗಬ್ಬೆಂದು ವಾಸನೆ ಎದ್ದಿತು. ಜನ್ಮದಲ್ಲಿ ಮೊಟ್ಟೆ ಮುಟ್ಟದ ಇಂದೂತಾಯಿ ಎರಡು ಹೆಜ್ಜೆ ಹಿಂದೆ ಸರಿದು “ಕೊಳೆತ ಮೊಟ್ಟೆ” ಎಂದರು. ಹೇಗೆ ಗೊತ್ತೆಂದು ಯಾರೂ ಕೇಳಲಿಲ್ಲ.

“ಇದು ಬ್ಯಾಕ್ಟೀರಿಯಾ ಕೆಲಸ” ಎಂದಳು ರಂಜಿನಿ. “ಪ್ಲಾಸ್ಟರ್ ಗಣಪತೀಲಿ ಸಲ್ಫೇಟ್ ಇರುತ್ತೆ. ನಮಗೆ ಉಸಿರಾಡೋಕೆ ಗಾಳಿ ಹೇಗೋ, ಇವಕ್ಕೆ ಅದು ಹಾಗೆ. ಅದರಿಂದ ಈ ವಾಸನೆ ಗ್ಯಾಸ್ ಮಾಡ್ತವೆ, ಕಬ್ಬಿಣ ಕಪ್ಪಾಗಿ ಸವೆಯುತ್ತೆ. ಊಟಕ್ಕೆ ಹಾರ, ಗರಿಕೆ, ಮೋದಕ. ಗಾಳಿ ಕಂಡ್ರೆ ಇವಕ್ಕೆ ಆಗಲ್ಲ, ನೀವು ಟಾರ್ಪಾಲ್ ಬೇರೆ ಹೊದಿಸಿದ್ರಿ. ಫುಲ್ ಪಿ.ಜಿ. ವ್ಯವಸ್ಥೆ. ನೀರು ಎಷ್ಟು ದಿನ ಇಟ್ಟಿದ್ರಿ?”

ಈಗ ಲೆಕ್ಕ ಒಪ್ಪಿಸುವ ಸರದಿ ನಮ್ಮದು. ದೇವರ ನೀರನ್ನು ಗಟಾರಕ್ಕೆ ಬಿಡುವುದು ಹೇಗೆ, ಗಣಪತಿ ಬಾಪ್ಪಾ ಪೂರ್ತಿ ಕರಗಲಿ ಎಂದು ದೀಪಾವಳಿಯವರೆಗೆ ಕಾದಿದ್ದೆವು. ಕರಗದೆ ಇದ್ದುದರಿಂದ ಸಂಕ್ರಾಂತಿಯವರೆಗೆ. ಆಮೇಲೆ ಸನಿಕೆಯಿಂದ ಬಣ್ಣ ಸಮೇತ ಕೆರೆದಿದ್ದೆವು. ತಳದ ಕೆಸರನ್ನು ಮಾತ್ರ ಪ್ರಸಾದದಂತೆ ಉಳಿಸಿಕೊಂಡಿದ್ದೆವು. ಎರಡು ವರ್ಷವೂ ಈ ಸಲಹೆ ಕೊಟ್ಟ ಹಿರಿಯರಲ್ಲಿ ನಾನೂ ಒಬ್ಬ.

“ಹಾಗಾದರೆ ತಪ್ಪು ಯಾರದು?” ಎಂದರು ಇಂದೂತಾಯಿ, ನಾನು ರಂಜಿನಿಯ ಮಾತನ್ನು ಮರಾಠಿಯಲ್ಲಿ ಹೇಳಿದ ಮೇಲೆ, ಮೆಲ್ಲಗೆ.

ನಿಮ್ಮದೇ ಎನ್ನಬಹುದಿತ್ತು. ಭೀಮಣ್ಣ ಅವರ ಮುಖಕ್ಕೇ ಹೇಳಲಾರದೆ ಕನ್ನಡದಲ್ಲಿ ನನಗೆ ಹೇಳಿದ: “ತಾಯಿಗೆ ತಿಳಿಸ್ರಿ, ಮಾಸ್ತರ. ಅವರ ಭಕ್ತಿ ಜಾಸ್ತಿ ಆತು, ನನ್ನ ತಗಡು ಕಮ್ಮಿ ಬಿತ್ತು.”

ನಾನು ತಿಳಿಸಿದೆ. ಇಂದೂತಾಯಿ ನಕ್ಕರು; ನಕ್ಕ ಮೇಲೆ ಅಲ್ಲೇ ನಿಂತು ಆ ಮೂರೂ ಸೊಸೈಟಿಗೆ ಫೋನು ಮಾಡಿ, ಗುಜರಿ ಎಂದದ್ದನ್ನು ಹಿಂದಕ್ಕೆ ತೆಗೆದುಕೊಂಡರು. ರಂಜಿನಿ ಚಾಕಣಕ್ಕೆ ಒಯ್ದು ಪರೀಕ್ಷೆಯ ದ್ರಾವಣಕ್ಕೆ ಹಾಕಿದ ಚಿಟಿಕೆ ಕೆಸರು ಮೂರು ವಾರದಲ್ಲಿ ಸೀಸೆಯನ್ನೆಲ್ಲ ಕಪ್ಪು ಮಾಡಿ ಅವಳ ಮಾತಿಗೆ ಸಾಕ್ಷಿ ಹೇಳಿತು. ಅಷ್ಟರಲ್ಲಿ ತೂತಿಗೆ ತೇಪೆ ಬಿದ್ದಿತ್ತು, ಹಬ್ಬವೂ ನಡೆದಿತ್ತು.

ಈಗ ಭೀಮಣ್ಣನ ತೊಟ್ಟಿಗಳು ಹನ್ನೊಂದು. ಎಲ್ಲಕ್ಕೂ ತಳದಲ್ಲಿ ನಲ್ಲಿ ಇದೆ. ಹಾರ, ಮೋದಕಗಳನ್ನು ಮೊದಲೇ ತೆಗೆದಿಡುತ್ತೇವೆಂದು ಮಾತು ಕೊಡದವರಿಗೆ ತೊಟ್ಟಿ ಇಲ್ಲ. ವಿಸರ್ಜನೆಯ ಮೂರನೆಯ ದಿನ ಸ್ಕೂಟರಿನಲ್ಲಿ ಬಂದು, ನೀರನ್ನು ಗಿಡಗಳಿಗೆ ಬಿಟ್ಟು, ಕೆಸರನ್ನು ಪಾಲಿಕೆಯ ಗಾಡಿಗೆ ಹಾಕಿ, ತೊಟ್ಟಿ ತೊಳೆದು, ಮೂಸಿ ನೋಡಿ, ಬಿಸಿಲಿಗೆ ಬೋರಲು ಹಾಕುತ್ತಾನೆ. ಹಾಗೆ ಬೋರಲು ಬಿದ್ದಾಗ ತಳದ ಹೆಸರು ಮೇಲಾಗಿ ವರ್ಷವಿಡೀ ಇಡೀ ಸೊಸೈಟಿಗೆ ಕಾಣುತ್ತದೆ.

“ಡೌಲಾಯಿತಲ್ಲಪ್ಪ” ಎಂದೆ ಮೊನ್ನೆ.

“ನಾ ಏನ್ ಮಾಡ್ಲಿರಿ, ಮಾಸ್ತರ. ತೊಟ್ಟಿ ಒಣಗಬೇಕಲ್ಲ” ಎನ್ನುತ್ತ ಅವನು ‘ಭೀ’ ಅಕ್ಷರಕ್ಕೆ ಎರಡನೆಯ ಸಲ ಕೆಂಪು ಬಣ್ಣ ಬಳಿಯುತ್ತಿದ್ದ.