ಕೊಬ್ಬರಿ ಸಬಕಾರದ ‘ರಿ’

ಮೊನ್ನೆ ರಬಕವಿಯಲ್ಲಿ ಅಕ್ಕ ತನ್ನ ಟ್ರಂಕು ತೆರೆದಾಗ ಮೊದಲು ಹೊರಗೆ ಬಂದದ್ದು ಸೀರೆಯಲ್ಲ, ವಾಸನೆ. ಕೊಬ್ಬರಿ ಎಣ್ಣೆ, ಕಚೋರ, ಅವೆರಡರ ಹಿಂದೆ ಮೂಗಿಗೆ ಚುಚ್ಚುವ ಹಳೆಯ ಸಬಕಾರದ ಘಾಟು. ಸೀರೆಗೆ ನುಸಿ ಹಿಡಿಯದಿರಲಿ ಎಂದು ಅವಳು ನಡುವೆ ಇಟ್ಟುಕೊಂಡಿದ್ದ ಒಂದು ಸಬಕಾರ. ಸುತ್ತಿದ ಹಳದಿ ಕಾಗದ ಎಣ್ಣೆ ಕುಡಿದು ಕಂದಿತ್ತು. ಅದರ ನೆತ್ತಿಯ ಮೇಲೆ ದಪ್ಪನೆಯ ಒಂದು ಅಕ್ಷರ: ‘ರಿ’. ಬರಹ ನನ್ನದೇ. ಅಷ್ಟು ಸೊಕ್ಕಿನ ಅಕ್ಷರ ಜಮಖಂಡಿ ಸಂಸ್ಥಾನದಲ್ಲಿ ಇನ್ನೊಬ್ಬರದಿರಲಿಲ್ಲ.

ಆ ಸಬಕಾರ ಮಾಡಿದವರು ಜಮಖಂಡಿಯ ನಮ್ಮ ಮಗ್ಗಲು ಮನೆಯ ಕಾಕಿ. ನಮಗೆ ಸಂಬಂಧಿಕರೇನಲ್ಲ, ಜೈನ ಬಸದಿಯಿದ್ದ ಬಸ್ತಿ ಓಣಿಗೆಲ್ಲ ಕಾಕಿ. ಈಗ ಬರೆಯುವಾಗ ಬಹುವಚನ ತಾನಾಗಿಯೇ ಬರುತ್ತಿದೆ. ಆಗ ಮಾತ್ರ ನಾನು ಹತ್ತೊಂಬತ್ತರ ಉಡಾಳ, ಕಾಕಿಯಿರಲಿ, ಊರ ಹಿರಿಯರಿರಲಿ, ಎಲ್ಲರಿಗೂ ‘ಬಾ’, ‘ಕೂಡ್ರು’. “ನಿನ್ನ ಬಾಯಾಗ ರಿ ಅನ್ನೂದು ಹುಟ್ಟೇ ಇಲ್ಲೇನ್ಲೇ? ರಿ ಹಚ್ಚು!” ಎಂದು ಕಾಕಿ ದಿನಕ್ಕೆ ನಾಲ್ಕು ಸಲ ಅನ್ನುತ್ತಿದ್ದರು. ನಾನು ಅದೇ ಮಾತನ್ನು ಅವರದೇ ದನಿಯಲ್ಲಿ ಅವರಿಗೇ ತಿರುಗಿಸಿ ಹೇಳುತ್ತಿದ್ದೆ.

ಕಾಕಾ ತೀರಿಕೊಂಡ ಮೇಲೆ ಅವರೊಬ್ಬರೇ ಆ ಮನೆಯಲ್ಲಿ. ತೇರದಾಳದ ತಮ್ಮ ಬಂದಾಗಲೆಲ್ಲ “ಮನಿಗೆ ಕೀಲಿ ಹಾಕು, ನಮ್ಮಲ್ಲೇ ಬಂದಿರು” ಎನ್ನುತ್ತಿದ್ದ. ತಮ್ಮ ಒಳ್ಳೆಯವನೇ. ಆದರೆ ಇನ್ನೊಬ್ಬಳ ಒಲೆಯ ಮುಂದೆ ಉಳಿದ ಆಯುಷ್ಯ ಕಳೆಯುವುದು ಕಾಕಿಗೆ ಬೇಡವಾಗಿತ್ತು. ಅದಕ್ಕೇ ಯಾರನ್ನೋ ಕೇಳಿ ಸಬಕಾರ ಮಾಡಲು ಕಲಿತರು. ಸಬಕಾರ ಖರ್ಚಾದರೆ ಜಮಖಂಡಿ, ಖರ್ಚಾಗದಿದ್ದರೆ ತೇರದಾಳ...

ಪೇಟೆಯಲ್ಲಿ ಸಿಗುವ ವಿಲಾಯತಿ ಸಬಕಾರಕ್ಕೆ ದನದ ಕೊಬ್ಬು ಹಾಕುತ್ತಾರೆಂದು ಬಸ್ತಿ ಓಣಿಯ ಜೈನರು ಅದನ್ನು ಹೊಸ್ತಿಲೊಳಗೆ ಬಿಡುತ್ತಿರಲಿಲ್ಲ. ಅವರಿಗೆ ಕಡಲೆಹಿಟ್ಟೇ ಗತಿ. ಕಾಕಿಯೂ ಜೈನರೇ. ಕುಡಚಿ ಸ್ಟೇಷನ್ನಿನಿಂದ ಚಕ್ಕಡಿಯಲ್ಲಿ ಕೊಬ್ಬರಿ ಎಣ್ಣೆಯ ಡಬ್ಬಿ ತರಿಸಿ, ಕಾಸ್ಟಿಕ್ ಸೋಡಾದ ನೀರಿಗೆ ಕೂಡಿಸಿ ಕಲಸಿ, ಕಟ್ಟಿಗೆಯ ಅಚ್ಚಿಗೆ ಸುರಿದು, ತಂತಿಯಿಂದ ಕೊಯ್ದು, ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸುತ್ತಿದ್ದರು. ಆಮೇಲೆ ಹಳೆಯ ಪಂಚಾಂಗದ ಹಾಳೆ ಸುತ್ತಿ, ಅದರ ಮೇಲೆ ಗಾಳಿಪಟದ ಹಳದಿ ಕಾಗದ. ಪೇಟೆಯ ಕಿರಾಣಿ ಸಾವಕಾರರು ಅಂಗಡಿ ಮುಂದಿನ ಹಲಗೆಯಲ್ಲಿ ಮೊಳದಷ್ಟು ಜಾಗ ಬಿಟ್ಟುಕೊಟ್ಟಿದ್ದರು. ಅಲ್ಲಿ ಕಾಕಿ ಮೆಟ್ಟಿಲಿನಂತೆ ಸಬಕಾರ ಪೇರಿಸಿ, ಒಂದನ್ನು ಬಿಚ್ಚಿ ಹಿತ್ತಾಳೆ ತಾಟಿನಲ್ಲಿ ಮುಂದಿಡುತ್ತಿದ್ದರು. “ಮಂದಿ ಮೊದಲ ಮೂಗಿನಿಂದ ಕೊಳ್ಳತಾರ, ಆಮ್ಯಾಲ ಕೈಯಿಂದ” ಎಂಬುದು ಅವರ ಶಾಸ್ತ್ರ.

ಮೊದಮೊದಲು ಕಾಗದದ ಮೇಲೆ ಹೆಸರಿರಲಿಲ್ಲ. ಹೆಸರು ಬರೆಯುತ್ತೇನೆಂದು ನಾನೇ ಮುಂದೆ ಬಿದ್ದೆ. ಕಾಕಿಗೆ ಓದು ಬರುತ್ತಿರಲಿಲ್ಲ, ನನ್ನನ್ನು ನಂಬಿದರು. ಬೋರು ಲೇಖನಿಯನ್ನು ಮಸಿಯಲ್ಲಿ ಅದ್ದಿ ಕಾಗದದ ಪಟ್ಟಿಗಳ ಮೇಲೆ ‘ಶುದ್ಧ ಕೊಬ್ಬರಿ ಸಬಕಾರ’ ಎಂದು ದೊಡ್ಡ ದೊಡ್ಡ ಅಕ್ಷರ ಹೊಡೆದೆ. ಕಾಕಿ ಅದನ್ನು ಒಂದೊಂದಾಗಿ ಸುತ್ತಿ ಅಂಟಿಸಿದರು.

ಹಲಗೆಯ ಮೇಲೆ ಪೇರಿಸಿದಾಗ ನನ್ನ ಕಣ್ಣಿಗೆ ಬಿತ್ತು. ನನ್ನ ಅಕ್ಷರಕ್ಕೆ ಸಬಕಾರದ ಅಗಲ ಸಾಲದೆ ಸಾಲು ಅಂಚಿನಲ್ಲಿ ಮುರಿದಿತ್ತು. ‘ರಿ ಸಬಕಾರ’ ಪಕ್ಕಕ್ಕೆ ಹೊರಳಿತ್ತು. ಎದುರಿಗೆ ನಿಂತವರಿಗೆ ಕಾಣುತ್ತಿದ್ದುದು ಇಷ್ಟೇ: ‘ಶುದ್ಧ ಕೊಬ್ಬ’.

ಜಾಣನಾಗಿದ್ದರೆ ಸುಮ್ಮನೆ ಪಟ್ಟಿ ಕಿತ್ತು ಬೇರೆ ಅಂಟಿಸುತ್ತಿದ್ದೆ. ನಾನು ಜಾಣನಲ್ಲ, ಮಂದಿಯ ದನಿ ತೆಗೆಯುವ ನಕಲಿಗಾರ. ಸಂಸ್ಥಾನದ ಡಂಗುರದವನ ಗೊಗ್ಗರು ದನಿ ತೆಗೆದು, ಸಾವಕಾರರ ಎಣ್ಣೆ ಡಬ್ಬಿ ಬಡಿದು, “ಕೇಳ್ರಪ್ಪೋ ಕೇಳ್ರಿ! ಕಾಕಿ ಮನಿಯಿಂದ ಶುದ್ಧ ಕೊಬ್ಬ ಬಂದೈತಿ!” ಎಂದು ಸಾರಿದೆ. ಪೇಟೆಗೆ ಪೇಟೆಯೇ ನಕ್ಕಿತು. ಸಾವಕಾರರ ಕಣ್ಣಲ್ಲಿ ನೀರು ಬಂತು. ನಾನು ನಡು ಬಾಗಿಸಿ ಮುಜುರೆ ಮಾಡಿದೆ.

ಸಂಜೆಯ ಹೊತ್ತಿಗೆ ನಗು ಪೇಟೆಯಲ್ಲೇ ಉಳಿದು, ಮಾತು ಮಾತ್ರ ಬಸ್ತಿ ಓಣಿಗೆ ಬಂದಿತ್ತು. ಹೆಂಗಸರು ಒಬ್ಬೊಬ್ಬರಾಗಿ ಬಂದು, ಕೊಂಡಿದ್ದ ಸಬಕಾರಗಳನ್ನು ಕಾಕಿಯ ಕಟ್ಟೆಯ ಮೇಲಿಟ್ಟು ಹೋದರು. ಒಬ್ಬಾಕೆ ಮಾತ್ರ “ನಮ್ಮ ಮನಿಗೆ ಇಂಥಾದ್ದ ಕೊಟ್ಟೀಯಲ್ಲ...” ಎಂದು ಅರ್ಧಕ್ಕೇ ನಿಲ್ಲಿಸಿದಳು. ಸಾಲಾಗಿ ಕುಳಿತ ಆ ಹಳದಿ ಪೊಟ್ಟಣಗಳು ಅಂಗಡಿಯಲ್ಲಿ ನಾವು ಜೋಡಿಸಿದ್ದಕ್ಕಿಂತ ಚೆಂದ ಕಾಣುತ್ತಿದ್ದವು.

“ಬರದಾಂವ ನಾನ, ಒದರಿದಾಂವನೂ ನಾನ” ಎಂದು ಕಾಕಿಗೆ ಹೋಗಿ ಹೇಳಿದೆ. ಕಾಕಿ ಬಯ್ಯಲಿಲ್ಲ. ತೇರದಾಳಕ್ಕೆ ಒಯ್ಯುವ ಗಂಟು ಯಾವುದು, ಬಿಡುವ ಗಂಟು ಯಾವುದು ಎನ್ನುವಂತೆ ಮನೆಯ ಒಳಗನ್ನೆಲ್ಲ ನೋಡುತ್ತಿದ್ದರು. ಆ ನೋಟ... ಬೈದಿದ್ದರೆ ಎಷ್ಟೋ ಸುಖವಿತ್ತು.

“ಸಾವಕಾರನ ದನಿ ತಗದು ಹೇಳ್ಲೇನು? ಸಾಲಿ ಮಾಸ್ತರನ ದನಿ ತಗದ್ರ ಮಂದಿ ನಂಬ್ತಾರ” ಎಂದೆ.

“ಯಾರ ದನಿನೂ ಬ್ಯಾಡ. ನಿಂದ ದನಿಯಾಗ ಹೇಳು.”

ಇದೇ ಕಷ್ಟದ್ದು. ಊರಿನವರ ದನಿಗಳೆಲ್ಲ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು, ಮನೆ ಯಜಮಾನ ಮಾತ್ರ ಎಲ್ಲಿ ಹೋಗಿದ್ದನೋ.

ಮರುದಿನ ಮುಂಜಾನೆ ಬಸ್ತಿಗೆ ಹೋಗುವವರು ಸಾವಕಾರರ ಅಂಗಡಿಯ ಮುಂದೆ ದಾಟುವ ವೇಳೆಗೆ ನಿಂತೆ. ಕಾಕಿ ಹಲಗೆಯ ಮಗ್ಗಲಲ್ಲಿ, ಎಣ್ಣೆಯ ಡಬ್ಬಿ ತೆರೆದಿಟ್ಟುಕೊಂಡು. ಒಂದು ಸಬಕಾರ ಎತ್ತಿ, ಹೊರಳಿಸಿ ಹೊರಳಿಸಿ ತೋರಿಸುತ್ತ, ಪೂರಾ ಓದಿದೆ. ಇದು ಕೊಬ್ಬರಿ ಎಣ್ಣೆಯದು, ಅಕ್ಷರ ಹೊರಳಿದ್ದು ನನ್ನ ತಪ್ಪು, ಒದರಿದ್ದು ಅದಕ್ಕಿಂತ ದೊಡ್ಡ ತಪ್ಪು ಎಂದೆ. ಯಾರೂ ನಂಬಲಿಲ್ಲ. ಸಾವಕಾರರಂತೂ ನಗುತ್ತಲೇ ಕೇಳಿದರು: “ಛಲೋ ತಗದೀಲೇ! ಇದ ಯಾರ ದನಿ?”

ಆಗ ಬಂದಳು ಆಯಿ. ಓಣಿಯ ಹಿರಿತಲೆ, ಎಲ್ಲರಿಗೂ ಅಜ್ಜಿ. ಸೋಸದ ನೀರು ಮುಟ್ಟದವಳು, ಹೊತ್ತು ಮುಳುಗಿದ ಮೇಲೆ ತುತ್ತು ಎತ್ತದವಳು. ಅವಳು ‘ಇದು ಕೊಬ್ಬರೀದಲ್ಲ’ ಅಂದರೆ ಕಾಕಿಗೆ ತೇರದಾಳವೇ.

“ಇದ ಅವಂದ ದನಿ” ಅಂದಳು ಆಯಿ. “ಹುಟ್ಟಿದಾಗ ಅತ್ತಾಗ ಕೇಳಿದ್ದೆ, ಆಮ್ಯಾಲ ಇವತ್ತ ಕೇಳಾಕತ್ತೇನಿ.” ನನ್ನತ್ತ ತಿರುಗಿ, “ನಿನ್ನಿ ಆ ರಿ ಎಲ್ಲೆ ನುಂಗಿದ್ದೆಲೇ?”

“ಮಗ್ಗಲಿಗೆ ಹೋಗಿತ್ರಿ, ಆಯಿ.”

ರಿ! ತಾನಾಗಿಯೇ ಬಂದಿತ್ತು. ಕಾಕಿ ತಲೆಯೆತ್ತಿ ನೋಡಿದರು.

ಆಯಿ ಡಬ್ಬಿಯ ಎಣ್ಣೆಗೆ ಬೆರಳದ್ದಿ ಮೂಸಿದಳು. ತಾಟಿನ ಸಬಕಾರ ಎತ್ತಿ ಅದನ್ನೂ ಮೂಸಿದಳು. ಆಮೇಲೆ ತನ್ನ ತಂಬಿಗೆಯ ಸೋಸಿದ ನೀರಿನಿಂದ, ಅದೇ ಸಬಕಾರ ಹಚ್ಚಿ, ಎರಡೂ ಕೈ ಮೊಣಕೈವರೆಗೆ ತೊಳೆದಳು. ಅದೇ ಕೈಯಲ್ಲಿ ದೇವರಿಗೆ ಒಯ್ಯುವ ಅಕ್ಕಿಯ ಬಟ್ಟಲು ಹಿಡಿದು ಬಸ್ತಿಯ ಕಡೆಗೆ ಹೆಜ್ಜೆಯಿಟ್ಟಳು. ನಾಲ್ಕು ಹೆಜ್ಜೆ ಹೋಗಿ, ತಿರುಗದೆಯೇ ಹೇಳಿದಳು:

“ಕೊಬ್ಬು ಸಬಕಾರದಾಗಿಲ್ಲ. ಈ ಹುಡುಗನ ಮೈಯಾಗೈತಿ.”

ಪೇಟೆ ಮತ್ತೆ ನಕ್ಕಿತು. ಮಂದಿ ನನ್ನ ಮೇಲೆ ನಕ್ಕಾಗ ಎಂದೂ ಅಷ್ಟು ಹಗುರೆನಿಸಿರಲಿಲ್ಲ. ಕಾಕಿ ಸೆರಗಿನಿಂದ ಮುಖ ಒರೆಸಿಕೊಂಡರು, ಬೆವರೋ ಏನೋ... ಕಟ್ಟೆಯ ಮೇಲಿನ ಪೊಟ್ಟಣಗಳು ಮಧ್ಯಾಹ್ನದೊಳಗೆ ಬಂದ ದಾರಿಯಲ್ಲೇ ಮನೆಗಳಿಗೆ ತಿರುಗಿದವು.

ಹೊಸ ಪಟ್ಟಿಗಳಲ್ಲಿ ಬೇರೆ ಅಕ್ಷರಗಳನ್ನೆಲ್ಲ ಸಣ್ಣದು ಮಾಡಿ, ನಡುವೆ ‘ರಿ’ ಒಂದನ್ನೇ ದಪ್ಪ ಬರೆಸಿದರು ಕಾಕಿ. ಅವರು ಕಲಿತ ಅಕ್ಷರ ಅದೊಂದೇ. ಪ್ರತಿ ಸಬಕಾರವನ್ನೂ ಬೆಳಕಿಗೆ ಹಿಡಿದು, ‘ರಿ’ ನೆತ್ತಿಯ ಮೇಲೆ ಬಂದಿದೆಯೇ ಎಂದು ನೋಡಿಯೇ ಅಂಟಿಸುತ್ತಿದ್ದರು. ಬೀಳಗಿಯಿಂದ ಬಂದವರೂ “ರಿ ಸಬಕಾರ ಕೊಡ್ರಿ” ಎಂದೇ ಕೇಳುತ್ತಿದ್ದರು. ತೇರದಾಳದ ತಮ್ಮ ಕೀಲಿಯ ಮಾತು ಬಿಟ್ಟು, ಹೋಗುವಾಗ ನಾಲ್ಕು ಸಬಕಾರ ಒಯ್ಯತೊಡಗಿದ.

ಈಗ ಸಂಸ್ಥಾನವಿಲ್ಲ, ಡಂಗುರದವನಿಲ್ಲ. ಕಾಕಿಯೂ ಇಲ್ಲ. ಹೋದ ಚಳಿಗಾಲದಲ್ಲಿ ಹೋದರು. ಹೋದದ್ದು ಮಾತ್ರ ತಮ್ಮದೇ ಮನೆಯಲ್ಲಿ, ಅಟ್ಟದ ಮೇಲೆ ಸಬಕಾರ ಒಣಗುತ್ತಿರುವಾಗ. ಅದನ್ನು ನೆನೆದಾಗಲೆಲ್ಲ ಅಳುವಿನ ನಡುವೆಯೂ ಎದೆ ಸ್ವಲ್ಪ ಸಡಿಲಾಗುತ್ತದೆ.

“ಕಾಕಿ ದನಿ ತಗಿಯೋ, ಒಮ್ಮಿ ಕೇಳೂನು” ಎಂದಳು ಅಕ್ಕ, ಸಬಕಾರವನ್ನು ಮತ್ತೆ ಸೀರೆಯ ಮಡಿಕೆಯೊಳಗಿಡುತ್ತ.

ತೆಗೆದೆ. “ರಿ ಹಚ್ಚು ಲೇ!”

ಅಕ್ಕ ನಕ್ಕಳು, ಕಣ್ಣೊರೆಸಿಕೊಂಡಳು. ನಾನು ಟ್ರಂಕಿನ ಮುಚ್ಚಳ ಹಾಕುತ್ತ, ನನ್ನದೇ ದನಿಯಲ್ಲಿ, ಮೆಲ್ಲಗೆ ಉತ್ತರ ಕೊಟ್ಟೆ.

“ಹಚ್ಚೇನ್ರಿ, ಕಾಕಿ.”