ಹಾಕದೇ ಉಳಿದ ಕಾಮೆಂಟ್

ಕೊರೊನಾ ಲಾಕ್‌ಡೌನ್‌ಗಳೆಲ್ಲ ಮುಗಿದು ಜನ ಮಾಸ್ಕ್ ಬಿಸಾಡಿದ ವರ್ಷ ಅದು. ಮೊಳಕಾಲ್ಮುರು ಕಡೆಯ ಒಂದು ಗಡಿ ಹಳ್ಳಿಯಲ್ಲಿ ನಾನು ಪಶುವೈದ್ಯಾಧಿಕಾರಿಯಾಗಿದ್ದೆ. ಇಪ್ಪತ್ತೆಂಟು ವರ್ಷ ಸರ್ವೀಸ್ ಆಗಿತ್ತು, ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಮನೆ ಚಳ್ಳಕೆರೆಯಲ್ಲಿ. ದಿನಾ ಬೆಳಿಗ್ಗೆ ಖಾಸಗಿ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟು ಹಿಡಿದು ಹೋಗುವುದು, ಸಂಜೆ ಮರಳುವುದು. ಇಲಾಖೆಯ ಪತ್ರಿಕೆಗೆ ಆಗಾಗ ಲೇಖನ ಬರೆಯುತ್ತಿದ್ದೆ. ಅವನ್ನು ಓದಿದೆ ಎಂದವರು ಇಪ್ಪತ್ತೆಂಟು ವರ್ಷದಲ್ಲಿ ಇಬ್ಬರು. ಅವರಲ್ಲಿ ಒಬ್ಬರು ಪ್ರೂಫ್ ನೋಡಿದವರು.

ನನ್ನ ಕೈಕೆಳಗೆ ನಾಗವೇಣಿ ಎಂಬ ಪಶುವೈದ್ಯಕೀಯ ಪರಿವೀಕ್ಷಕಿ ಇದ್ದರು. ಅಂದರೆ ಡಾಕ್ಟರಲ್ಲ; ಡಿಪ್ಲೊಮಾ ಮಾಡಿ, ಹಳ್ಳಿ ಹಳ್ಳಿ ತಿರುಗಿ ಲಸಿಕೆ ಹಾಕುವ, ಪ್ರಥಮ ಚಿಕಿತ್ಸೆ ಮಾಡುವ ಹುದ್ದೆ. ವಯಸ್ಸು ಮೂವತ್ತೆರಡು. ಲಾಕ್‌ಡೌನ್‌ನಲ್ಲಿ ಕುರಿಗಾರರು ಆಸ್ಪತ್ರೆಗೆ ಬರಲಾಗದೆ ಒದ್ದಾಡುವಾಗ ಆಕೆ ‘ಮಂದೆ ಮಾತು’ ಎಂಬ ಬ್ಲಾಗ್ ಶುರು ಮಾಡಿದ್ದರು. ಅದನ್ನೇ ಫೇಸ್‌ಬುಕ್ಕಿಗೂ ಹಾಕುತ್ತಿದ್ದರು. ಕುರಿಮರಿಗೆ ಹಾಲು ಕುಡಿಸುವುದು ಹೇಗೆ, ಗೊರಸು ಕೊಳೆತರೆ ಏನು ಮಾಡಬೇಕು, ಎಲ್ಲ ಮನೆ ಮಾತಿನಲ್ಲಿ. ಎರಡೇ ವರ್ಷಕ್ಕೆ ಗಡಿಯಾಚೆಯ ತೆಲುಗು ಹಳ್ಳಿಗಳಲ್ಲೂ ಆಕೆಯನ್ನು ಓದದ ಕುರಿಗಾರನ ಮನೆ ಇರಲಿಲ್ಲ. ಗಂಡಸರಿಗೆ ಓದಲು ಬಾರದಿದ್ದರೆ ಮಕ್ಕಳಿಂದ ಓದಿಸುತ್ತಿದ್ದರು.

ನನಗೆ ಹೊಟ್ಟೆಕಿಚ್ಚಾಯಿತು. ಇದನ್ನು ಬೇರೆ ಮಾತಲ್ಲಿ ಹೇಳಲು ಬಹಳ ದಿನ ಪ್ರಯತ್ನಪಟ್ಟೆ. ‘ವೈಜ್ಞಾನಿಕ ಶಿಸ್ತಿನ ಬಗ್ಗೆ ಕಾಳಜಿ’ ಎಂದುಕೊಂಡೆ. ಕಾಳಜಿಯೂ ಅಲ್ಲ, ಎಂಥದೂ ಅಲ್ಲ. ಒಂದು ದಿನ ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಕಂಬಳಿ ಹೊದ್ದ ಮುದುಕನೊಬ್ಬ ನನ್ನ ಬ್ಯಾಗು ನೋಡಿ, “ಸ್ವಾಮೇರು ನಮ್ ಡಾಕ್ಟ್ರಮ್ಮನ ಆಫೀಸಿನೋರಲ್ವಾ?” ಎಂದು ಕೇಳಿದ. ಡಾಕ್ಟ್ರಮ್ಮ ಎಂದರೆ ನಾಗವೇಣಿ! ಡಾಕ್ಟರ್ ಪದವಿ ಪಡೆದವನು ನಾನು, ಆಫೀಸಿನೋನು.

ಸುಮ್ಮನಿದ್ದರೆ ಚೆನ್ನಾಗಿತ್ತು. ‘ಕುರಿಪ್ರೇಮಿ’ ಎಂಬ ಹೆಸರಿನಲ್ಲಿ ಫೇಸ್‌ಬುಕ್ಕಿನಲ್ಲಿ ಒಂದು ಸುಳ್ಳು ಖಾತೆ ತೆರೆದೆ. ಫೋಟೊ ಜಾಗದಲ್ಲಿ ಒಂದು ಟಗರು. ಆಕೆ ಪೋಸ್ಟ್ ಹಾಕಿದ ಕೂಡಲೇ ಮೊಸರಲ್ಲಿ ಕಲ್ಲು ಹುಡುಕಲು ಕೂರುತ್ತಿದ್ದೆ. ಔಷಧಿಯ ಪ್ರಮಾಣ ಒಂದು ಮಿಲಿ ಹೆಚ್ಚಿದ್ದರೆ, ರೋಗದ ಹೆಸರು ಹಿಂದುಮುಂದಾಗಿದ್ದರೆ, ಹತ್ತು ನಿಮಿಷದೊಳಗೆ ಕಾಮೆಂಟು. ಪ್ರತಿಸಲವೂ ಆಕೆ “ಧನ್ಯವಾದ ಸಾರ್, ತಿದ್ದಿದೀನಿ” ಎಂದು ಉತ್ತರಿಸುತ್ತಿದ್ದರು. ಜಗಳಕ್ಕೆ ಬರುತ್ತಿರಲಿಲ್ಲ, ಅದು ಇನ್ನಷ್ಟು ಉರಿ ತರಿಸುತ್ತಿತ್ತು. ನನ್ನ ಹೆಂಡತಿ ಮಾತ್ರ, “ಆ ಹುಡುಗಿ ಬರೆದಿದ್ದನ್ನ ನಿಮ್ಮಷ್ಟು ಶ್ರದ್ಧೆಯಿಂದ ಈ ಜಿಲ್ಲೆಯಾಗೆ ಯಾರೂ ಓದಲ್ಲ ಕಣ್ರಿ” ಎಂದು ನಗುತ್ತಿದ್ದಳು.

ಆ ವರ್ಷ ಶೇಂಗಾ ಕಿತ್ತ ಮೇಲೆ ನಡೆದ ಪ್ರಕರಣ ಇದು. ನಮ್ಮ ಕಡೆ ಫಸಲು ಕಿತ್ತ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿಮಂದೆ ತರುಬುವ ಪದ್ಧತಿ ಇದೆ. ಹೊಲದವನು ಕುರಿಗಾರನನ್ನು ಕರೆಸಿ, ನಾಲ್ಕಾರು ದಿನ ಮಂದೆಯನ್ನು ಅಲ್ಲೇ ತಂಗಿಸಿಕೊಂಡು, ಬದಲಿಗೆ ದವಸ ಕೊಡುತ್ತಾನೆ. ಕುರಿಗಳು ಬಿದ್ದ ಸೊಪ್ಪುಸದೆ ಮೇಯಬಹುದು. ಆದರೆ ಬಣವೆ ಒಟ್ಟಿದ ಶೇಂಗಾಕ್ಕೆ ಬಾಯಿ ಹಾಕಿದರೆ ಕುರಿಗಾರನ ಮೇಲೆ ಪಂಚಾಯ್ತಿ. ಮುಂದಿನ ವರ್ಷ ಅವನನ್ನು ಯಾರೂ ಕರೆಯುವುದಿಲ್ಲ.

ಸೋಮವಾರ, ಮನೆಗೆ ಬಣ್ಣ ಹೊಡೆಸಲು ರಜೆ ಹಾಕಿ ಚಳ್ಳಕೆರೆಯಲ್ಲೇ ಇದ್ದೆ. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ನಾಗವೇಣಿಯ ಪೋಸ್ಟ್ ಬಂತು. ಓಬಣ್ಣ ಎಂಬ ಕುರಿಗಾರನ ನೂರ ಅರವತ್ತೆರಡು ಕುರಿಗಳ ಮಂದೆಯಲ್ಲಿ ಬೆಳಗಾಗುವುದರೊಳಗೆ ಮೂರು ಸತ್ತಿವೆ. ಭೇದಿ ಇದೆ. ಪಿ.ಪಿ.ಆರ್. ಇರಬಹುದೆಂಬ ಅನುಮಾನ. ಆದ್ದರಿಂದ ಮಂದೆಯನ್ನು ಎಲ್ಲಿಗೂ ಕದಲಿಸದೆ ಅದೇ ಹೊಲದಲ್ಲಿ ಇರಿಸಲು ಹೇಳಿದ್ದೇನೆ, ಅಕ್ಕಪಕ್ಕದ ಕುರಿಗಾರರು ಹತ್ತಿರ ಹೋಗಬೇಡಿ. ಜೊತೆಗೆ ನಾಲ್ಕು ಫೋಟೊ.

ಪಿ.ಪಿ.ಆರ್. ಎಂದರೆ ಕುರಿ ಮೇಕೆಗಳ ಅಂಟುರೋಗ. ಜ್ವರ, ಕಣ್ಣು ಮೂಗಲ್ಲಿ ಸೋರಿಕೆ, ಬಾಯಿ ಹುಣ್ಣು, ಭೇದಿ. ಅದೇ ಆಗಿದ್ದರೆ ಆಕೆ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಮೂರನೇ ಫೋಟೊ ನೋಡಿದ ತಕ್ಷಣ ನನಗೆ ತಿಳಿಯಿತು. ಸತ್ತ ಕುರಿಯ ಮೂಗು, ಕಣ್ಣು ಒಣಗಿ ಶುಭ್ರವಾಗಿವೆ. ಕತ್ತು ಹಿಂದಕ್ಕೆ ಸೆಟೆದಿದೆ. ಮಂದೆಯಲ್ಲೇ ದಷ್ಟಪುಷ್ಟವಾದ ಪ್ರಾಣಿ ಅದು. ಹಿಂದೆ ಮೂಲೆಯಲ್ಲಿ ಅರ್ಧ ಕೆದರಿದ ಶೇಂಗಾ ಬಣವೆ. ಇದು ಕರುಳುಬೇನೆ, ನಮ್ಮ ಪುಸ್ತಕದ ಭಾಷೆಯಲ್ಲಿ ಎಂಟೆರೊಟಾಕ್ಸೀಮಿಯಾ. ಪುಷ್ಟಿಯ ಮೇವು ಒಮ್ಮೆಲೇ ಹೊಟ್ಟೆ ತುಂಬಾ ತಿಂದಾಗ ಕರುಳಿನ ಬ್ಯಾಕ್ಟೀರಿಯಾ ವಿಪರೀತ ಬೆಳೆದು ವಿಷ ಬಿಡುತ್ತದೆ. ಚೆನ್ನಾಗಿ ತಿನ್ನುವ ಕುರಿಯೇ ಮೊದಲು ಬೀಳುತ್ತದೆ. ಇದಕ್ಕೆ ಮೊದಲ ಚಿಕಿತ್ಸೆ ಮಂದೆಯನ್ನು ಆ ಮೇವಿನಿಂದ ದೂರ ಓಡಿಸುವುದು. ಆಕೆ ಕೊಟ್ಟ ಸಲಹೆ ನೇರ ಅದರ ಉಲ್ಟಾ.

ಒಂದು ಫೋನ್ ಕರೆ ಸಾಕಿತ್ತು. ನನ್ನ ಕೈ ಫೋನಿಗೆ ಹೋಗಲಿಲ್ಲ, ಕಾಮೆಂಟಿಗೆ ಹೋಯಿತು.

ಎರಡು ವರ್ಷ ಕಾದಿದ್ದ ದಿನ ಬಂದಿದೆ ಎನ್ನಿಸಿತು. ಇದು ಒಂದು ಮಿಲಿಯ ತಪ್ಪಲ್ಲ, ಎಲ್ಲರೂ ನೋಡುವಂಥ ತಪ್ಪು. ಇದಕ್ಕೆ ಕುರಿಪ್ರೇಮಿ ಬೇಡ, ನನ್ನ ಹೆಸರು, ಪದವಿ ಹಾಕಿಯೇ ಬರೆಯಬೇಕು. ಬೀರುವಿನಿಂದ ಹಳೆಯ ಪಠ್ಯಪುಸ್ತಕ ತೆಗೆದೆ. ಮೊದಲ ವಾಕ್ಯ ಖಾರವಾಯಿತು ಎಂದು ಅಳಿಸಿದೆ. ಎರಡನೆಯದು ಸಪ್ಪೆಯಾಯಿತು. “ಅರ್ಧ ತಿಳಿದವರ ಕೈಗೆ ಮೊಬೈಲ್ ಕೊಟ್ಟರೆ” ಎಂಬ ಸಾಲು ಬಂದಾಗ ನನಗೇ ಖುಷಿಯಾಗಿ ಎದ್ದು ನೀರು ಕುಡಿದು ಬಂದೆ. ನಡುವೆ ಬಣ್ಣದವರಿಗೆ ಬಾಗಿಲಿಗೆ ಯಾವ ಬಣ್ಣ ಎಂದೂ ಹೇಳಿದೆ. ಹೆಂಡತಿ ಊಟಕ್ಕೆ ಕರೆದಳು. “ಒಂದು ನಿಮಿಷ” ಎಂದೆ.

ಹನ್ನೆರಡೂವರೆಗೆ ಕಾಮೆಂಟ್ ಸಿದ್ಧವಾಯಿತು. ಹಾಕುವ ಮುಂಚೆ ಪೋಸ್ಟನ್ನು ಇನ್ನೊಮ್ಮೆ ನೋಡಿದೆ. ಕೆಳಗೆ ಆಕೆ ಆಗಷ್ಟೇ ಸೇರಿಸಿದ್ದ ಒಂದು ಸಾಲು ಇತ್ತು: ‘ಈಗ ಹನ್ನೊಂದು.’

ಬೆಳಿಗ್ಗೆ ಮೂರು ಇದ್ದದ್ದು. ನಾನು ವಾಕ್ಯ ಚೆಂದ ಮಾಡುತ್ತಾ ಕೂತಿದ್ದಾಗ ಎಂಟು ಕುರಿ ಸತ್ತಿದ್ದವು. ಫೋನ್ ಮಾಡಿದೆ.

“ನಾಗವೇಣಮ್ಮ, ಅದು ಪಿ.ಪಿ.ಆರ್. ಅಲ್ಲ, ಕರುಳುಬೇನೆ. ಮಂದೇನ ಆ ಹೊಲದಿಂದ ಎಬ್ಬಿಸು. ಈಗ್ಲೇ. ಒಣಹುಲ್ಲಿನ ಗುಡ್ಡದ ಕಡೆ ಹೊಡಿಸು.”

“ಆಯ್ತು ಸಾರ್” ಎಂದರು. ಅಷ್ಟೇ.

ಊಟ ಬಿಟ್ಟು ಹಳೆಯ ಕಾರು ತೆಗೆದೆ. ಒಂದು ಗಂಟೆಗೂ ಮೀರಿದ ದಾರಿ. ನಾನು ಮುಟ್ಟುವಷ್ಟರಲ್ಲಿ ನಾಗವೇಣಿ ಮಂದೆಯನ್ನು ಗುಡ್ಡದ ಬುಡಕ್ಕೆ ಸೇರಿಸಿ, ಒಂದೊಂದೇ ಕುರಿಯ ಬಾಯಿ ಬಿಡಿಸಿ ಔಷಧಿ ಕುಡಿಸುತ್ತಿದ್ದರು. ಸೀರೆಯೆಲ್ಲ ಕೆಸರು, ಹಿಕ್ಕೆ. ಓಬಣ್ಣ ಸತ್ತ ಕುರಿಗಳ ಸಾಲಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ.

“ಬಣವೆಗೆ ಬಾಯಿ ಹಾಕಿದ್ದು ಯಾವಾಗಪ್ಪ?” ಎಂದೆ.

ಅವನು ತಲೆ ಎತ್ತಲಿಲ್ಲ. “ನಿನ್ನೆ ರಾತ್ರಿ ಉಂಡ ಮ್ಯಾಲೆ ಕಣ್ಣು ಹತ್ತಿಬಿಡ್ತು ಸಾಮಿ. ಎದ್ದು ನೋಡಿದ್ರೆ ಅರ್ಧ ಬಣವೆ ಕೆದರಿದ್ವು. ಪಕ್ಕದ ಹೊಲದೋರ್ದು. ಹೇಳಿದ್ರೆ ಕಳ್ಳ ಅಂತಾರೆ. ಡಾಕ್ಟ್ರಮ್ಮಂಗೂ ಹೇಳ್ಲಿಲ್ಲ.”

ಕರುಳುಬೇನೆಗೆ ಮುಂಗಾರಿಗೆ ಮೊದಲೇ ಲಸಿಕೆ ಹಾಕಿಸಬೇಕು. ಊರೂರು ಅಲೆಯುತ್ತಿದ್ದ ಆ ಮಂದೆಗೆ ಅದು ತಪ್ಪಿತ್ತು. ಸಂಜೆಯೊಳಗೆ ಇನ್ನೂ ಮೂರು, ಮಾರನೆಯ ಬೆಳಿಗ್ಗೆ ಎರಡು ಸತ್ತವು. ಒಟ್ಟು ಹದಿನಾರು. ನೂರ ನಲವತ್ತಾರು ಉಳಿದವು. ಸತ್ತ ಎರಡನ್ನು ಕೊಯ್ದು ಪರೀಕ್ಷಿಸಿದಾಗ ಹೊಟ್ಟೆ ತುಂಬಾ ಶೇಂಗಾ.

ಸೋಮವಾರ ಸಂಜೆಯೇ ನಾಗವೇಣಿ ಹೊಸ ಪೋಸ್ಟ್ ಹಾಕಿದ್ದರು. ತಲೆಬರಹ: ‘ನಾನು ತಪ್ಪು ಹೇಳಿದೆ.’ ಮೂಗು ನೋಡದೆ ಅಂಟುರೋಗ ಎಂದದ್ದು, ಬಣವೆ ಕಂಡರೂ ಕೇಳದೆ ಇದ್ದದ್ದು, ಅದರಿಂದ ಕುರಿಗಳು ಸತ್ತದ್ದು, ಎಲ್ಲ ಬರೆದಿದ್ದರು. ‘ಫೋಟೊ ನೋಡಿಯೇ ರೋಗ ಹಿಡಿದು ಓಡಿಬಂದ ನಮ್ಮ ಸಾಹೇಬರ ಋಣ ಈ ಮಂದೆಯ ಮೇಲಿದೆ’ ಎಂದು ನನ್ನ ಹೆಸರು ಹಾಕಿದ್ದರು. ಜನ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಎರಡು ವರ್ಷ ಬಯಸಿದ್ದ ಹೊಗಳಿಕೆ ಬಂದಾಗ ಅದನ್ನು ಓದಲಾಗಲಿಲ್ಲ. ಅದರಲ್ಲೂ ನನಗೆ ಹೊಟ್ಟೆಕಿಚ್ಚೇ ಆಯಿತು. ಇಷ್ಟು ಜನರ ಮುಂದೆ ತಪ್ಪು ಒಪ್ಪಿಕೊಳ್ಳುವ ಎದೆ ನನಗೆ ಎಂದೂ ಇರಲಿಲ್ಲ.

ಮರುದಿನ ಆಫೀಸಿನಲ್ಲಿ ಟೀ ಕುಡಿಯುವಾಗ ಆಕೆ ಕೇಳಿದರು. “ಸಾರ್, ಬೇಜಾರು ಮಾಡ್ಕೋಬ್ಯಾಡ್ರಿ. ಕುರಿಪ್ರೇಮಿ ನೀವೇ ಅಲ್ವಾ?”

ಟೀ ನೆತ್ತಿಗೇರಿತು.

“‘ಸದರಿ ಕುರಿಯು’ ಅಂತ ಬರೆಯೋರು ಈ ತಾಲ್ಲೂಕಿನಾಗೆ ನೀವೊಬ್ರೇ ಸಾರ್. ಮೊದಲ್ನೇ ಕಾಮೆಂಟಿಗೇ ಗೊತ್ತಾಯ್ತು. ನಂಗೆ ಅದೇ ಒಂದು ಧೈರ್ಯ ಇತ್ತು. ರಜೆ ದಿನ ಫೋನ್ ಮಾಡಬ್ಯಾಡ ಅಂತ ನೀವು ಒಂದ್ಸಲ ಬೈದಿದ್ರಲ್ಲ, ಅವತ್ತಿಂದ ಡೌಟ್ ಇದ್ರೆ ಪೋಸ್ಟ್ ಹಾಕಿ ಹತ್ತು ನಿಮಿಷ ಕಾಯ್ತೀನಿ. ತಪ್ಪಿದ್ರೆ ಕುರಿಪ್ರೇಮಿ ಬಿಡಲ್ಲ ಅಂತ. ನಿನ್ನೆ ಅರ್ಧ ಗಂಟೆ ಕಾದೆ. ಏನೂ ಬರಲಿಲ್ಲ. ಸರಿಯಾಗೇ ಐತೆ ಅನ್ಕೊಂಡು ಓಬಣ್ಣಂಗೆ ಅಲ್ಲಾಡಬ್ಯಾಡ ಅಂತ ಇನ್ನೊಂದ್ಸಲ ಹೇಳಿ ಬಂದೆ.”

ಮೊಬೈಲ್ ತೆಗೆದು, ಹಾಕದೇ ಉಳಿದಿದ್ದ ಕಾಮೆಂಟನ್ನು ಆಕೆಯ ಮುಂದಿಟ್ಟೆ. ‘ಅರ್ಧ ತಿಳಿದವರ ಕೈಗೆ’ ಎಂಬ ಸಾಲೂ ಇತ್ತು. ಆಕೆ ಕೊನೆಯವರೆಗೆ ಓದಿದರು. ಮುಖ ಕೆಂಪಾಯಿತು. “ರೋಗ ಎಷ್ಟು ಚೆನ್ನಾಗಿ ವಿವರಿಸಿದೀರಿ ಸಾರ್” ಎಂದರು. “ಕೆಟ್ಟದಾಗಿ ಬೈದಿದ್ರೂ ಪರವಾಗಿರಲಿಲ್ಲ. ಹಾಕಬೇಕಿತ್ತು.”

ಆ ವಾರವೇ ನಾನೊಂದು ಬ್ಲಾಗ್ ತೆರೆದೆ, ಸ್ವಂತ ಹೆಸರಿನಲ್ಲಿ. ಮೊದಲ ಬರಹ ಆ ಎರಡು ಗಂಟೆಯ ಬಗ್ಗೆ. ಬರೆಯುವುದಕ್ಕಿಂತ ಹಾಕುವುದೇ ಕಷ್ಟವಾಯಿತು. ಕೆಲವರು ಛೀ ಎಂದರು, ಎನ್ನಬೇಕಾದ್ದೇ. ಮೂರನೆಯ ದಿನ ಓಬಣ್ಣ ಫೋನ್ ಮಾಡಿದ. ಮಗಳು ಓದಿ ಹೇಳಿದ್ದಳಂತೆ. ನಾನು ಬೈಗುಳಕ್ಕೆ ಕಾದೆ. “ನಾನೂ ಮುಚ್ಚಿಟ್ಟಿದ್ದೆನಲ್ಲ ಸಾಮಿ, ಬಣವೆ ಸುದ್ದಿ. ನಂದೂ ಹಾಕಿಬಿಡ್ರಿ. ಬೇರೆ ಕುರಿಗಾರ್ರು ಡಾಕ್ಟ್ರಿಗೆ ಸುಳ್ಳು ಹೇಳದಂಗಾಗ್ಲಿ” ಎಂದ. ಅದನ್ನೂ ಬರೆದೆ. ಮುಂದಿನ ವರ್ಷ ಶೇಂಗಾ ಕೀಳುವ ಕಾಲಕ್ಕೆ ಆರು ಮಂದೆಯವರು, “ನಮ್ಮ ಕುರಿ ಬಣವೆ ತಿಂದಾವೆ, ಯಾರಿಗೂ ಹೇಳಬ್ಯಾಡ್ರಿ, ಏನ್ ಮಾಡ್ಲಿ?” ಎಂದು ಬೆಳಿಗ್ಗೆಯೇ ಫೋನ್ ಮಾಡಿದರು. ಆರೂ ಮಂದೆ ಉಳಿದವು.

ನಿವೃತ್ತನಾಗಿ ಈಗ ಮನೆಯಲ್ಲಿದ್ದೇನೆ. ಸರ್ವೀಸಿನಲ್ಲಿ ಸಿಗದಿದ್ದ ಓದುಗರು, ಗೆಳೆಯರು ಈ ಪುಟ್ಟ ಪರದೆಯಿಂದ ಸಿಕ್ಕರು. ‘ಸದರಿ’ ಬಿಟ್ಟು ಕನ್ನಡ ಬರೆಯಲು ಅರವತ್ತನೇ ವಯಸ್ಸಿಗೆ ಕಲಿತೆ. ನಾಗವೇಣಿಗೆ ನನಗಿಂತ ನಲವತ್ತು ಪಟ್ಟು ಓದುಗರಿದ್ದಾರೆ. ಹೌದು, ಲೆಕ್ಕ ಹಾಕಿದ್ದೇನೆ. ಹೊಟ್ಟೆಕಿಚ್ಚು ಹೋಗಿದೆ ಎಂದರೆ ಸುಳ್ಳಾಗುತ್ತದೆ.

ವೃತ್ತಿ ನನಗೆ ಕಲಿಸಿದ್ದು ಇಷ್ಟು: ತಿಳಿದವನು ಬಾಯಿ ಮುಚ್ಚಿ ಕೂತರೆ ಎದುರಿನವರು ಅದನ್ನು ಒಪ್ಪಿಗೆ ಎಂದೇ ತಿಳಿಯುತ್ತಾರೆ. ಇವತ್ತು ಬೆಳಿಗ್ಗೆ ಆಕೆ ಕುರಿಮರಿಗಳ ಜಂತುಹುಳದ ಬಗ್ಗೆ ಬರೆದಿದ್ದರು. ಎರಡು ಸಲ ಓದಿದೆ. ಒಂದು ತಪ್ಪೂ ಸಿಗಲಿಲ್ಲ, ಉರಿಯಿತು. ಏಳನೇ ನಿಮಿಷಕ್ಕೆ ನನ್ನ ಹೆಸರಿನಲ್ಲೇ ಕಾಮೆಂಟ್ ಹಾಕಿದೆ: “ನೋಡಿದೆ. ಎಲ್ಲ ಸರಿಯಾಗಿದೆ.”